ಪೇರಲ ಹಣ್ಣಿನ ವಿಟಮಿನ್ ಸಿ ಅಳೆಯುವುದು: ಹೊಳಪಿನ ಲೆಕ್ಕ, ಬ್ಲಾಂಕಿನ ಲೆಕ್ಕ

ವಿಟಮಿನ್ ಸಿ ತಾನಾಗಿ ಹೊಳೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದ ನಮ್ಮ ಲ್ಯಾಬಿಗೆ ಪ್ರತಿ ವರ್ಷ ಬರುವ ಹೊಸ ಮಕ್ಕಳಲ್ಲಿ ಒಬ್ಬರಾದರೂ ಯುವಿ ಟಾರ್ಚ್ ತಂದು ಕಿತ್ತಳೆ ಮೇಲೆ ಹಿಡಿಯುತ್ತಾರೆ. "ನೋಡ್ರಿ ಮೇಡಂ, ವಿಟಮಿನ್ ಹೊಳೀಲಿಕ್ಕತ್ತೈತಿ" ಅಂತಾರೆ. ಹೊಳೆಯುತ್ತಿರುವುದು ಸಿಪ್ಪೆಯ ಎಣ್ಣೆಯಲ್ಲಿರುವ ಬೇರೆ ಪದಾರ್ಥ. ದೊಡ್ಡ ಪ್ರಮಾಣದಲ್ಲಿ ಕಿತ್ತಳೆ ವಿಂಗಡಿಸುವ ಕಡೆ ಇದೇ ಯುವಿ ಬೆಳಕನ್ನು ಕೊಳೆಯಲು ಶುರುವಾದ ಹಣ್ಣನ್ನು ಹುಡುಕಲು ಬಳಸುತ್ತಾರೆ. ಕೊಳೆತ ಜಾಗವೇ ಅಲ್ಲಿ ಜಾಸ್ತಿ ಹೊಳೆಯುತ್ತದೆ.

ಹಾಗಾದರೆ ಹೊಳಪಿನಿಂದ ವಿಟಮಿನ್ ಅಳೆಯುವುದು ಹೇಗೆ? ಎರಡು ದಾರಿ ಇವೆ. ರೈಬೋಫ್ಲೇವಿನ್, ಅಂದರೆ ಬಿ2, ತಾನೇ ಹೊಳೆಯುತ್ತದೆ. ವಿಟಮಿನ್ ಸಿ, ಬಿ1 ಇವನ್ನು ರಾಸಾಯನಿಕ ಕ್ರಿಯೆಯಿಂದ ಹೊಳೆಯುವ ಪದಾರ್ಥವಾಗಿ ಬದಲಾಯಿಸಬೇಕು. ಗಜ್ಜರಿಯ ಕೆರೋಟಿನ್ ಈ ಎರಡೂ ಗುಂಪಿಗೆ ಸೇರುವುದಿಲ್ಲ. ಅದರ ಹೊಳಪು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದಕ್ಕೆ ಬೇರೆ ವಿಧಾನವೇ ಬೇಕು.

ಫ್ಲೋರೆಸೆನ್ಸ್ ಅಂದರೆ ಇಷ್ಟೇ: ಒಂದು ಪದಾರ್ಥ ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಇನ್ನೊಂದು ಬಣ್ಣದ ಬೆಳಕನ್ನು ಹೊರಗೆ ಬಿಡುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಪ್ರತಿದೀಪ್ತಿ ಅಂತಾರೆ. ಹೊರಗೆ ಬರುವ ಬೆಳಕಿನ ತರಂಗಾಂತರ ಒಳಗೆ ಹೋದದ್ದಕ್ಕಿಂತ ಉದ್ದ. ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿ ಕ್ವಿನೈನ್ ದ್ರಾವಣವನ್ನು ಬಿಸಿಲಿನಲ್ಲಿಟ್ಟು ಇದನ್ನು ತೋರಿಸಿದರು. ಪದಾರ್ಥ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಹೊಳಪು ಬರುವುದರಿಂದ ಅಳತೆ ಸಾಧ್ಯವಾಗುತ್ತದೆ. ಆದರೆ ಹೊಳೆಯುವುದೆಲ್ಲ ವಿಟಮಿನ್ ಅಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಈ ಪ್ರಾಕ್ಟಿಕಲ್ ಮಾಡಿಸುತ್ತಿದ್ದೇನೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಶ್ರಮ ವಿಟಮಿನ್ನಿನದಲ್ಲದ ಹೊಳಪನ್ನು ಹುಡುಕಿ ಕಳೆಯುವುದಕ್ಕೇ ಹೋಗುತ್ತದೆ. ಆ ಕಳೆಯುವ ಲೆಕ್ಕಕ್ಕೆ ಬ್ಲಾಂಕ್ ಅಂತೀವಿ.

ಪೇರಲದಿಂದಲೇ ಶುರು ಮಾಡೋಣ. ಮೈಸೂರು ಕಡೆಯವರು ಸೀಬೆ ಅಂತಾರೆ. ನಮ್ಮಲ್ಲಿ ನವಲೂರ ಪೇರಲ ಬುಟ್ಟಿಗಟ್ಟಲೆ ಬರುತ್ತದೆ. 100 ಗ್ರಾಂ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುವುದರಿಂದ ಕಲಿಯುವವರಿಗೆ ಒಳ್ಳೆಯ ಹಣ್ಣು.

ಸಾಮಾನ್ಯ ಕಾಲೇಜುಗಳಲ್ಲಿ ಇದನ್ನು ಡೈ ಟೈಟ್ರೇಶನ್‌ನಿಂದ ಅಳೆಯುತ್ತಾರೆ. ನೀಲಿ ಡೈ ಹನಿ ಹನಿಯಾಗಿ ಬಿಟ್ಟು, ತಿಳಿ ಗುಲಾಬಿ ನಿಂತಾಗ ನಿಲ್ಲಿಸುವುದು. ಬಿಳಿ ತಿರುಳಿನ ಪೇರಲಕ್ಕೆ ಅದು ನಡೆಯುತ್ತದೆ. ನೇರಳೆ ಹಣ್ಣಿಗೆ, ಬೀಟ್‌ರೂಟಿಗೆ ಏನು ಮಾಡುತ್ತೀರಿ? ರಸವೇ ಕೆಂಪಗಿದ್ದರೆ ಗುಲಾಬಿ ಬಣ್ಣ ಎಲ್ಲಿ ಕಾಣಬೇಕು? ಇನ್ನೊಂದು ಕೊರತೆ ಎಂದರೆ, ಆ ಡೈ ಆಸ್ಕಾರ್ಬಿಕ್ ಆಮ್ಲವನ್ನು ಮಾತ್ರ ಹಿಡಿಯುತ್ತದೆ. ಅದು ಗಾಳಿ ತಾಗಿ ಡಿಹೈಡ್ರೋ ಆಸ್ಕಾರ್ಬಿಕ್ ಆಮ್ಲವಾದರೆ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ದೇಹಕ್ಕೆ ಎರಡೂ ವಿಟಮಿನ್ನೇ. ಡಾಯ್ಚ್ ಮತ್ತು ವೀಕ್ಸ್ ಎಂಬಿಬ್ಬರು 1965ರಲ್ಲಿ ಪ್ರಕಟಿಸಿದ ಫ್ಲೋರೆಸೆನ್ಸ್ ವಿಧಾನ ಈ ಎರಡೂ ತೊಡಕನ್ನು ಬಿಡಿಸುತ್ತದೆ. ಇರುವ ಆಸ್ಕಾರ್ಬಿಕ್ ಆಮ್ಲವನ್ನೆಲ್ಲ ಇದ್ದಿಲಿನಿಂದ ಡಿಹೈಡ್ರೋ ರೂಪಕ್ಕೆ ತಂದುಬಿಡುತ್ತಾರೆ. ಆಮೇಲೆ ಆರ್ಥೋ ಫೀನೈಲೀನ್ ಡೈಅಮೀನ್ ಸೇರಿಸುತ್ತಾರೆ. ಲ್ಯಾಬಿನಲ್ಲಿ ಇದನ್ನು ಓಪಿಡಿಎ ಅಂತೀವಿ. ಎರಡೂ ಕೂಡಿ ನೀಲಿಯಾಗಿ ಹೊಳೆಯುವ ಹೊಸ ಪದಾರ್ಥ ಆಗುತ್ತದೆ. 350 ನ್ಯಾನೋಮೀಟರ್ ಬೆಳಕು ಹಾಕಿ, 430ರಲ್ಲಿ ರೀಡಿಂಗ್ ತೆಗೆದುಕೊಳ್ಳಬೇಕು.

ಹಿಂದಿನ ದಿನದ ತಯಾರಿ

ಹಣ್ಣಿನಿಂದ ವಿಟಮಿನ್ ಎಳೆದು ತೆಗೆಯುವ ಎಕ್ಸ್‌ಟ್ರಾಕ್ಷನ್ ದ್ರಾವಣಕ್ಕೆ 15 ಗ್ರಾಂ ಮೆಟಾಫಾಸ್ಫಾರಿಕ್ ಆಮ್ಲ, 40 ಎಂಎಲ್ ಗ್ಲೇಶಿಯಲ್ ಅಸಿಟಿಕ್ ಆಮ್ಲ, 200 ಎಂಎಲ್ ನೀರು. ಕರಗಿದ ಮೇಲೆ 500 ಎಂಎಲ್‌ಗೆ ತಂದು ಸೋಸಿ ಫ್ರಿಜ್‌ನಲ್ಲಿಡಿ. ಒಂದು ವಾರ ಇರುತ್ತದೆ. ಬೇಗ ಕರಗಲಿ ಅಂತ ಬಿಸಿ ಮಾಡಬೇಡಿ. ಬಿಸಿಯಾದರೆ ಮೆಟಾಫಾಸ್ಫಾರಿಕ್ ಹೋಗಿ ಸಾದಾ ಫಾಸ್ಫಾರಿಕ್ ಆಗುತ್ತದೆ, ಮಾಡಿದ ಕೆಲಸ ವ್ಯರ್ಥ.

ಇದ್ದಿಲು ಅಂದರೆ ಒಲೆಯದಲ್ಲ, ಆ್ಯಕ್ಟಿವೇಟೆಡ್ ಚಾರ್ಕೋಲ್. ಒಂಬತ್ತು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಅದರಲ್ಲಿ ಇದ್ದಿಲನ್ನು ಕುದಿ ಬರುವವರೆಗೆ ಕಾಯಿಸಿ, ಸೋಸಿ, ನೀರಿನಲ್ಲಿ ಎರಡು ಸಲ ತೊಳೆದು, ರಾತ್ರಿಯಿಡೀ 110 ಡಿಗ್ರಿ ಓವನ್ನಿನಲ್ಲಿ ಒಣಗಿಸಿ. ಹೀಗೆ ತೊಳೆಯದೆ ನೇರ ಡಬ್ಬಿಯಿಂದ ಹಾಕಿದರೆ ಅದರಲ್ಲಿರುವ ಕಬ್ಬಿಣದ ಅಂಶ ತೊಂದರೆ ಕೊಡುತ್ತದೆ.

ಸೋಡಿಯಂ ಅಸಿಟೇಟ್ (ಟ್ರೈಹೈಡ್ರೇಟ್) ದ್ರಾವಣ ಲೀಟರಿಗೆ 500 ಗ್ರಾಂ. ಅದರಲ್ಲೇ 100 ಎಂಎಲ್ ತೆಗೆದು 3 ಗ್ರಾಂ ಬೋರಿಕ್ ಆಮ್ಲ ಕರಗಿಸಿದರೆ ಬ್ಲಾಂಕಿನ ದ್ರಾವಣ. ಇದು ಪ್ರತಿ ಸಲ ಹೊಸದೇ ಆಗಬೇಕು. ಓಪಿಡಿಎ 100 ಎಂಎಲ್ ನೀರಿಗೆ 20 ಮಿಲಿಗ್ರಾಂ. ಇದನ್ನಂತೂ ಅಳೆಯುವ ಹೊತ್ತಿಗೆ ಸರಿಯಾಗಿ ಮಾಡಿ. ಡಬ್ಬಿಯ ಹರಳು ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಲೇಬೇಡಿ. ಕೈಗೆ ಗ್ಲೌಸ್ ಬೇಕೇ ಬೇಕು. ಓಪಿಡಿಎ ವಿಷಕಾರಿ, ಚರ್ಮಕ್ಕೂ ಒಳ್ಳೆಯದಲ್ಲ.

ಹಣ್ಣು ಹೆಚ್ಚುವುದು

ಇದು ಚಿಕ್ಕ ಕೆಲಸ ಅನಿಸುತ್ತದೆ. ಆದರೆ ಅರ್ಧ ತಪ್ಪುಗಳು ಇಲ್ಲೇ ಆಗುತ್ತವೆ.

ಪೇರಲದ ಸಿಪ್ಪೆಯ ಹತ್ತಿರ ವಿಟಮಿನ್ ಸಿ ಜಾಸ್ತಿ, ಬೀಜದ ನಡುವೆ ಕಡಿಮೆ. ಬರೀ ಒಂದು ಕಡೆಯ ತುಂಡು ತೆಗೆದುಕೊಂಡರೆ ಬರುವ ಅಂಕಿ ಆ ತುಂಡಿನದು, ಹಣ್ಣಿನದಲ್ಲ. ನಾನು ನಾಲ್ಕು ಹಣ್ಣು ತೆಗೆದುಕೊಂಡು, ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ, ಪ್ರತಿಯೊಂದರಿಂದ ಕಾಲು ಭಾಗ ಆರಿಸುತ್ತೇನೆ. ಸಿಪ್ಪೆ, ತಿರುಳು, ಬೀಜ ಎಲ್ಲ ಅದರ ಪಾಲಿನಷ್ಟು ಬರುತ್ತವೆ.

ಈಳಿಗೆಮಣೆ ಬೇಡ. ಕಬ್ಬಿಣ ತಾಗಿದರೆ ಆಸ್ಕಾರ್ಬಿಕ್ ಆಮ್ಲ ಬೇಗ ಹಾಳಾಗುತ್ತದೆ. ತಾಮ್ರ ಇನ್ನೂ ಕೆಟ್ಟದ್ದು. ಸ್ಟೀಲ್ ಚಾಕು ಸಾಕು. ಮಿಕ್ಸಿ ಜಾರಿಗೆ ಮೊದಲು ತಣ್ಣನೆಯ ಎಕ್ಸ್‌ಟ್ರಾಕ್ಷನ್ ದ್ರಾವಣ ಹಾಕಿ, ಆಮೇಲೆ ಹಣ್ಣು. ಈ ಕ್ರಮ ತಿರುಗಾಮುರುಗಾ ಆದರೆ ಏನಾಗುತ್ತದೆ ಅನ್ನೋದನ್ನು ಸೌತೆಕಾಯಿಯಲ್ಲಿ ಮಾಡಿ ನೋಡಿ. ಸೌತೆಯಲ್ಲಿ ವಿಟಮಿನ್ ಸಿ ತಿನ್ನುವ ಕಿಣ್ವ ಹೇರಳವಾಗಿದೆ. ಸುಮ್ನೆ ರುಬ್ಬಿ ಸ್ವಲ್ಪ ಹೊತ್ತು ಬಿಟ್ಟರೆ ಅದು ತನ್ನ ಕೆಲಸ ಶುರು ಮಾಡುತ್ತದೆ. ಆಮ್ಲ ಮೊದಲೇ ಇದ್ದರೆ ಕಿಣ್ವ ಅಲ್ಲೇ ನಿಂತುಬಿಡುತ್ತದೆ.

10 ಗ್ರಾಂ ಹಣ್ಣು ಸರಿಯಾಗಿ ತೂಗಿ, ರುಬ್ಬಿ, 250 ಎಂಎಲ್ ಫ್ಲಾಸ್ಕಿಗೆ ಹಾಕಿ, ಜಾರನ್ನೂ ಅದೇ ದ್ರಾವಣದಿಂದ ತೊಳೆದು ಸೇರಿಸಿ ಗೆರೆಯವರೆಗೆ ತುಂಬಿಸಿ. ನೆಲ್ಲಿಕಾಯಿಯಾದರೆ ಇನ್ನೂ ತೆಳ್ಳಗೆ ಮಾಡಬೇಕು. ಎಂಎಲ್‌ಗೆ 100 ಮೈಕ್ರೋಗ್ರಾಂ ಒಳಗೆ ಇರಲಿ.

ಹೊಳಪು ಬರಿಸುವುದು

ಸ್ಟ್ಯಾಂಡರ್ಡ್‌ಗೆ, ಅಂದರೆ ಹೋಲಿಸಿ ನೋಡಲು ಪ್ರಮಾಣ ಗೊತ್ತಿರುವ ದ್ರಾವಣಕ್ಕೆ, 50 ಮಿಲಿಗ್ರಾಂ ಶುದ್ಧ ಆಸ್ಕಾರ್ಬಿಕ್ ಆಮ್ಲವನ್ನು ಅದೇ ಎಕ್ಸ್‌ಟ್ರಾಕ್ಷನ್ ದ್ರಾವಣದಲ್ಲಿ 50 ಎಂಎಲ್ ಮಾಡಿ, ಅದರ 10 ಎಂಎಲ್ ಅನ್ನು 100ಕ್ಕೆ ತನ್ನಿ. ಈಗ ಎಂಎಲ್‌ಗೆ 100 ಮೈಕ್ರೋಗ್ರಾಂ. ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್ ಎರಡಕ್ಕೂ ಮುಂದಿನದೆಲ್ಲ ಒಂದೇ ರೀತಿ ನಡೆಯಬೇಕು.

100 ಎಂಎಲ್‌ಗೆ 2 ಗ್ರಾಂ ಇದ್ದಿಲು ಹಾಕಿ ಜೋರಾಗಿ ಅಲುಗಾಡಿಸಿ, ಫಿಲ್ಟರ್ ಪೇಪರಿನಲ್ಲಿ ಸೋಸಿ. ಮೊದಲು ಬಂದ ಕೆಲವು ಎಂಎಲ್ ಚೆಲ್ಲಿಬಿಡಿ. ನೇರಳೆ ಹಣ್ಣಿನ ರಸ ಹಾಕಿದಾಗ ಈ ಹಂತವನ್ನು ಮಕ್ಕಳು ನೋಡಬೇಕು. ಮೇಲೆ ಕಡುನೇರಳೆ, ಕೆಳಗೆ ಬೀಳುವ ಹನಿ ತಿಳಿ ನೀರಿನಂತೆ. ಇದ್ದಿಲು ಆಸ್ಕಾರ್ಬಿಕ್ ಆಮ್ಲವನ್ನು ಬದಲಾಯಿಸುವುದರ ಜೊತೆಗೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ.

ಈಗ 100 ಎಂಎಲ್‌ನ ಎರಡು ಫ್ಲಾಸ್ಕ್ ತೆಗೆದುಕೊಳ್ಳಿ. ಒಂದರಲ್ಲಿ 5 ಎಂಎಲ್ ಬೋರಿಕ್ ದ್ರಾವಣ, ಅದಕ್ಕೆ 5 ಎಂಎಲ್ ಸೋಸಿದ ರಸ. ಇದು ಬ್ಲಾಂಕ್. 15 ನಿಮಿಷ ಆಗಾಗ ತಿರುಗಿಸುತ್ತಾ ಬಿಡಿ. ಈ ಹೊತ್ತಿನಲ್ಲೇ ಇನ್ನೊಂದರಲ್ಲಿ 5 ಎಂಎಲ್ ಬರೀ ಸೋಡಿಯಂ ಅಸಿಟೇಟ್, ಸುಮಾರು 75 ಎಂಎಲ್ ನೀರು, 5 ಎಂಎಲ್ ರಸ ಹಾಕಿ ನೀರಿನಿಂದ ಗೆರೆಗೆ ತನ್ನಿ. 15 ನಿಮಿಷ ಆದ ಮೇಲೆ ಬ್ಲಾಂಕನ್ನೂ 100ಕ್ಕೆ ತನ್ನಿ.

ಬೋರಿಕ್ ಆಮ್ಲ ಯಾಕೆ? ಅದು ಡಿಹೈಡ್ರೋ ಆಸ್ಕಾರ್ಬಿಕ್ ಆಮ್ಲವನ್ನು ಮೊದಲೇ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಓಪಿಡಿಎ ಬಂದರೂ ಅದಕ್ಕೆ ಕೂಡಿಕೊಳ್ಳಲು ಏನೂ ಸಿಗುವುದಿಲ್ಲ. ಅಂದರೆ ಆ ಫ್ಲಾಸ್ಕಿನಲ್ಲಿ ವಿಟಮಿನ್ ಸಿ ಇದೆ, ಆದರೆ ಬಾಯಿ ಕಟ್ಟಿದೆ. ಉಳಿದ ಎಲ್ಲವೂ ಎಂದಿನಂತೆ ಹೊಳೆಯುತ್ತವೆ. ಅದೇ ನಾವು ಕಳೆಯಬೇಕಾದ ಹೊಳಪು. ಖಾಲಿ ನೀರನ್ನು ಬ್ಲಾಂಕ್ ಮಾಡಿದರೆ ಈ ಲಾಭ ಇಲ್ಲ. ಆ ಹಣ್ಣಿನ ಬ್ಲಾಂಕ್ ಆ ಹಣ್ಣಿನಿಂದಲೇ ಆಗಬೇಕು. ಈ ವಿಧಾನದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಪ್ರತಿ ಫ್ಲಾಸ್ಕಿನಿಂದ 2 ಎಂಎಲ್ ಟೆಸ್ಟ್‌ಟ್ಯೂಬಿಗೆ ತೆಗೆದು, 5 ಎಂಎಲ್ ಓಪಿಡಿಎ ಸೇರಿಸಿ, ಕತ್ತಲಲ್ಲಿ 35 ನಿಮಿಷ ಬಿಡಿ. ನಾವು ಕಪಾಟಿನೊಳಗೆ ಸ್ಟ್ಯಾಂಡ್ ಸಮೇತ ಇಟ್ಟು ಬಾಗಿಲು ಹಾಕುತ್ತೇವೆ. ಹೊಳಪು ಅಳೆಯುವ ಯಂತ್ರವಾದ ಫ್ಲೋರಿಮೀಟರನ್ನು ಈ ಹೊತ್ತಿಗೆ ಆನ್ ಮಾಡಿಟ್ಟರೆ ದೀಪ ಬಿಸಿಯಾಗಿ ಸ್ಥಿರವಾಗುತ್ತದೆ.

ನೀರಿನಲ್ಲಿ ಬಂದ ವಿಟಮಿನ್ ಸಿ

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಪೇರಲ, ಟೊಮ್ಯಾಟೊ, ತಪ್ಪಲು ಪಲ್ಲೆ ಎಲ್ಲದರಲ್ಲೂ ರೀಡಿಂಗ್ ಏರುತ್ತಾ ಹೋಯಿತು. ಒಂದು ಸ್ಯಾಂಪಲ್ ಎರಡು ಟ್ಯೂಬಿನಲ್ಲಿ ಹಾಕಿದರೆ ಒಂದಕ್ಕೊಂದು ತಾಳೆಯಿಲ್ಲ. ಕೊನೆಗೆ ಒಬ್ಬ ಹುಡುಗಿ ಬರೀ ಡಿಸ್ಟಿಲ್ಡ್ ನೀರು ಹಾಕಿ ನೋಡಿ ಕೇಳಿದಳು, "ಖಾಲಿ ನೀರಿನಾಗೂ ವಿಟಮಿನ್ ಸಿ ಐತೇನ್ರಿ ಮೇಡಂ?"

ಎರಡು ದಿನ ಹುಡುಕಿದೆವು. ನೀರು ಬದಲಾಯಿಸಿದೆವು. ಓಪಿಡಿಎ ಹೊಸ ಡಬ್ಬಿ ಒಡೆದೆವು. ಏನೂ ಆಗಲಿಲ್ಲ. ಮೂರನೇ ದಿನ ಸಂಜೆ ಲೈಟ್ ಆರಿಸಿ ಯುವಿ ದೀಪದ ಕೆಳಗೆ ಒಣ ಟ್ಯೂಬುಗಳನ್ನು ಹಿಡಿದೆ. ಒಳಗಿನ ಗೋಡೆಗೆ ತೆಳುವಾದ ನೀಲಿ ಪೊರೆ. ತಳದಲ್ಲಿ ಉಂಗುರದ ಹಾಗೆ ಇನ್ನೂ ದಟ್ಟ. ಬ್ರಶ್ ಆಡಿದ ಗೆರೆಗಳು ಸಹ ಹೊಳೆಯುತ್ತಿದ್ದವು.

ಲ್ಯಾಬಿನ ಸೋಪು ಮುಗಿದಿತ್ತು. ನಮ್ಮ ಅಟೆಂಡರ್ ಕಾಕಾ, ಕೆಲಸ ನಿಲ್ಲಬಾರದು ಅಂತ, ಮನೆಯಿಂದ ಬಟ್ಟೆ ತೊಳೆಯುವ ಪುಡಿ ತಂದು ಟ್ಯೂಬ್ ತೊಳೆದಿದ್ದರು. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಆ ಪುಡಿಗಳಲ್ಲಿ ಹೊಳೆಯುವ ಪದಾರ್ಥ ಹಾಕಿರುತ್ತಾರೆ. ಅದು ಯುವಿ ಹೀರಿಕೊಂಡು ನೀಲಿ ಬೆಳಕು ಬಿಡುತ್ತದೆ, ಸರಿಸುಮಾರು ನಾವು ಅಳೆಯುವ ಜಾಗದಲ್ಲೇ. ತಪ್ಪು ಕಾಕಾನದಲ್ಲ. ಯಾವುದರಿಂದ ತೊಳೆಯಬಾರದು ಅಂತ ಹೇಳಬೇಕಾದವಳು ನಾನು. ಆ ತಿಂಗಳ ರೀಡಿಂಗ್ ಎಲ್ಲ ಹೊಡೆದುಹಾಕಿ ಮತ್ತೆ ಮೊದಲಿನಿಂದ ಮಾಡಿದೆವು. ಬೋರಿಕ್ ಬ್ಲಾಂಕ್ ಕೂಡ ಇಲ್ಲಿ ಕಾಪಾಡಲಿಲ್ಲ. ಅಂಟಿದ ಪುಡಿ ಎಲ್ಲ ಟ್ಯೂಬಿನಲ್ಲೂ ಒಂದೇ ಸಮ ಇದ್ದರೆ ತಾನೇ ಕಳೆಯಲು ಬರುವುದು?

ಇದೇ ಕಾರಣಕ್ಕೆ ಟ್ಯೂಬನ್ನು ಬಿಳಿ ಟಿಶ್ಯೂ ಪೇಪರಿನಿಂದ, ಬಿಳಿ ಬಟ್ಟೆಯಿಂದ ಒರೆಸುವಾಗಲೂ ಎಚ್ಚರ ಬೇಕು. ಒಂದು ಎಳೆ ಒಳಗೆ ಬಿದ್ದರೆ ಸಾಕು.

ಆದರೆ ನೀರಿನಲ್ಲಿ ಕಾಣುವುದೆಲ್ಲ ಕೊಳೆಯೂ ಅಲ್ಲ. ಪೂರ್ತಿ ತರಂಗಾಂತರ ಸ್ಕ್ಯಾನ್ ಮಾಡುವ ಯಂತ್ರ ನಿಮ್ಮಲ್ಲಿದ್ದರೆ, 350ರ ಬೆಳಕು ಹಾಕಿದಾಗ ಶುದ್ಧ ನೀರಿನಲ್ಲೂ 397ರ ಹತ್ತಿರ ಒಂದು ಸಣ್ಣ ಗುಡ್ಡ ಕಾಣುತ್ತದೆ. ಅದು ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಅದೇ ಚದುರುವಿಕೆ. ನಾನು ಇದನ್ನು ಮಕ್ಕಳಿಗೆ ತಪ್ಪದೆ ತೋರಿಸುತ್ತೇನೆ. ಪುಸ್ತಕದಲ್ಲಿ ಓದಿದ ಹೆಸರು ಒಂದು ಲೋಟ ನೀರಿನಲ್ಲಿ ಕಂಡಾಗ ಅವರ ಮುಖ ನೋಡಬೇಕು. ಯಂತ್ರ ಸರಿಯಿದೆಯೇ ಅಂತ ಪರೀಕ್ಷಿಸಲು ಕೂಡ ಈ ಗುಡ್ಡವನ್ನೇ ಬಳಸುತ್ತಾರೆ.

ರೀಡಿಂಗ್ ಮತ್ತು ಲೆಕ್ಕ

ಯಂತ್ರದೊಳಗೆ ದ್ರಾವಣ ಇಡುವ ಚಿಕ್ಕ ಪಾತ್ರೆ, ಅಂದರೆ ಕ್ಯುವೆಟ್, ನಾಲ್ಕೂ ಬದಿ ಪಾರದರ್ಶಕ ಇರಬೇಕು. ಬಣ್ಣ ಅಳೆಯುವ ಕಲರಿಮೀಟರಿನದು ಎರಡು ಬದಿ ಮಬ್ಬು. ಫ್ಲೋರಿಮೀಟರಿನಲ್ಲಿ ಬೆಳಕು ಒಂದು ಕಡೆಯಿಂದ ಹೋಗುತ್ತದೆ, ಹೊಳಪನ್ನು ಪಕ್ಕದಿಂದ ನೋಡುತ್ತೇವೆ. ಮಬ್ಬು ಬದಿ ಅಡ್ಡ ಬಂದರೆ ಕಥೆ ಮುಗಿಯಿತು. ಎಲ್ಲ ಟ್ಯೂಬೂ ಒಂದೇ ಬಿಸಿಯಲ್ಲಿರಲಿ. ಬಿಸಿ ಏರಿದರೆ ಹೊಳಪು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಸ್ಟ್ಯಾಂಡರ್ಡನ್ನು ಫ್ರಿಜ್ಜಿನಿಂದ ತೆಗೆದು ನೇರ ಅಳೆದು, ಸ್ಯಾಂಪಲ್ಲನ್ನು ಮೇಜಿನ ಮೇಲಿಂದ ಅಳೆದರೆ ಹೋಲಿಕೆಗೆ ಅರ್ಥವಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ. ಸ್ಟ್ಯಾಂಡರ್ಡ್ ರೀಡಿಂಗ್ 520, ಅದರ ಬ್ಲಾಂಕ್ 20 ಅನ್ನಿ. ಉಳಿದದ್ದು 500. ಪೇರಲದ ರೀಡಿಂಗ್ 412, ಬ್ಲಾಂಕ್ 37. ಉಳಿದದ್ದು 375. 375 ಅನ್ನು 500ರಿಂದ ಭಾಗಿಸಿ 100ರಿಂದ ಗುಣಿಸಿದರೆ ಎಂಎಲ್‌ಗೆ 75 ಮೈಕ್ರೋಗ್ರಾಂ. 250 ಎಂಎಲ್‌ನಲ್ಲಿ 18.75 ಮಿಲಿಗ್ರಾಂ. ಅದು 10 ಗ್ರಾಂ ಹಣ್ಣಿನದು. ಹಾಗಾಗಿ 100 ಗ್ರಾಂಗೆ 187.5 ಮಿಲಿಗ್ರಾಂ.

ಈಗ ಒಂದು ಸೊಪ್ಪು ತಗೊಳ್ಳಿ. ರೀಡಿಂಗ್ 160, ಬ್ಲಾಂಕ್ 64 ಬಂತು ಅಂದುಕೊಳ್ಳಿ. ಅದೇ ಲೆಕ್ಕದಲ್ಲಿ 100 ಗ್ರಾಂಗೆ 48 ಮಿಲಿಗ್ರಾಂ. ಬ್ಲಾಂಕ್ ಕಳೆಯದೆ 160ನ್ನು 520ರಿಂದ ಭಾಗಿಸಿದ್ದರೆ ಸುಮಾರು 77 ಬರುತ್ತಿತ್ತು. ಪೇರಲದಲ್ಲಿ ಬ್ಲಾಂಕ್ ಮರೆತರೆ ತಪ್ಪು ಸಣ್ಣದು, ಸೊಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಏರಿಬಿಡುತ್ತದೆ. ಇಂಥ ಅಂಕಿ ನಂಬಿ ಯಾರೋ ಒಬ್ಬರು ಹಾಸ್ಟೆಲ್ ಮಕ್ಕಳ ಊಟದ ಪಟ್ಟಿ ಮಾಡುತ್ತಾರೆ. ಅದಕ್ಕೇ ನಾನು ಇಷ್ಟು ಹಟ ಮಾಡುವುದು.

ಅಂಕಿ ಬಂದ ಮೇಲೆ ಎರಡು ಪರೀಕ್ಷೆ ಮಾಡಿ. ಸೋಸಿದ ರಸವನ್ನು ಅರ್ಧಕ್ಕೆ ತೆಳು ಮಾಡಿ ಮತ್ತೆ ಅಳೆಯಿರಿ. ಬ್ಲಾಂಕ್ ಕಳೆದ ರೀಡಿಂಗ್ ಅರ್ಧ ಆಗಬೇಕು. ಅರ್ಧಕ್ಕಿಂತ ಮೇಲೆ ನಿಂತರೆ ಮೊದಲನೆಯದು ತೀರಾ ಗಟ್ಟಿಯಾಗಿತ್ತು ಅಂತ ಅರ್ಥ. ದ್ರಾವಣ ಗಟ್ಟಿಯಾದರೆ ಒಳಗೆ ಹೋಗುವ ಬೆಳಕನ್ನು ಮುಂದಿನ ಪದರವೇ ನುಂಗಿಬಿಡುತ್ತದೆ, ನಡುವಿಗೆ ತಲುಪುವುದಿಲ್ಲ. ನೆಲ್ಲಿಕಾಯಿಯಲ್ಲಿ ಮಕ್ಕಳು ಎಡವುವುದು ಇಲ್ಲೇ. ಇನ್ನೊಂದು ಪರೀಕ್ಷೆ: ರುಬ್ಬುವಾಗಲೇ ಗೊತ್ತಿರುವಷ್ಟು ಆಸ್ಕಾರ್ಬಿಕ್ ಆಮ್ಲ ಬೆರೆಸಿ, ಅದು ಕೊನೆಯಲ್ಲಿ ವಾಪಸ್ ಸಿಗುತ್ತದೆಯೇ ನೋಡಿ. ನೂರಕ್ಕೆ 90ಕ್ಕಿಂತ ಕಡಿಮೆ ಬಂದರೆ ನಾನು ಆ ದಿನದ ಅಂಕಿ ಬರೆಯುವುದಿಲ್ಲ.

ಸೊಪ್ಪಿನ ಬಿ2

ರೈಬೋಫ್ಲೇವಿನ್ ನೋಡಲು ಯಂತ್ರವೂ ಬೇಡ. ಬಿ ಕಾಂಪ್ಲೆಕ್ಸ್ ಮಾತ್ರೆಯ ಒಂದು ಚೂರು ನೀರಿಗೆ ಹಾಕಿ ಯುವಿ ಟಾರ್ಚ್ ಹಿಡಿಯಿರಿ. ಹಸಿರು ಮಿಶ್ರಿತ ಹಳದಿ ಹೊಳಪು. ಟಾರ್ಚ್ ಕಣ್ಣಿಗೆ ಹಿಡಿಯಬೇಡಿ. ಅದೇ ಲೋಟವನ್ನು ಬಿಸಿಲಲ್ಲಿಟ್ಟರೆ ಹೊಳಪು ಕುಂದುತ್ತದೆ. ಬೆಳಕು ಬಿ2ವನ್ನು ಒಡೆಯುತ್ತದೆ. ಹಾಗಾಗಿ ಅಳೆಯುವಾಗ ಕಂದು ಗಾಜು ಬಳಸಿ, ಕಿಟಕಿಯ ಪರದೆ ಎಳೆಯಿರಿ.

ಸೊಪ್ಪಿನಲ್ಲಿ ಬಿ2 ಹೆಚ್ಚಾಗಿ ಬೇರೆ ಅಣುಗಳ ಜೊತೆ ಕಟ್ಟಿಕೊಂಡಿರುತ್ತದೆ. ಆ ರೂಪದಲ್ಲಿ ಹೊಳಪು ಬಹಳ ಕಡಿಮೆ. ಬಿಡಿಸಲು 5 ಗ್ರಾಂ ನುಗ್ಗೆಸೊಪ್ಪಿಗೆ 50 ಎಂಎಲ್ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ 30 ನಿಮಿಷ ಇಡಿ. ಆರಿದ ಮೇಲೆ ಪಿಎಚ್ 6ಕ್ಕೆ ಏರಿಸಿ, ತಕ್ಷಣ 4.5ಕ್ಕೆ ಇಳಿಸಿ, 100 ಎಂಎಲ್ ಮಾಡಿ ಸೋಸಿ. ಪ್ರೋಟೀನ್ ಮುದ್ದೆಯಾಗಿ ಪೇಪರಿನ ಮೇಲೆ ಉಳಿಯುತ್ತದೆ.

ಎರಡು ಟ್ಯೂಬಿಗೆ ತಲಾ 10 ಎಂಎಲ್ ರಸ. ಒಂದಕ್ಕೆ 1 ಎಂಎಲ್ ನೀರು, ಇನ್ನೊಂದಕ್ಕೆ 1 ಮೈಕ್ರೋಗ್ರಾಂ ರೈಬೋಫ್ಲೇವಿನ್ ಇರುವ 1 ಎಂಎಲ್ ಸ್ಟ್ಯಾಂಡರ್ಡ್. ಎರಡಕ್ಕೂ 1 ಎಂಎಲ್ ಅಸಿಟಿಕ್ ಆಮ್ಲ, ಅರ್ಧ ಎಂಎಲ್ 4 ಪರ್ಸೆಂಟ್ ಪೊಟ್ಯಾಸಿಯಂ ಪರ್ಮಾಂಗನೇಟ್. ಎರಡು ನಿಮಿಷ ಬಿಟ್ಟು ಅರ್ಧ ಎಂಎಲ್ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಕಡು ಗುಲಾಬಿ ಕ್ಷಣದಲ್ಲಿ ಮಾಯವಾಗಬೇಕು. ಪರ್ಮಾಂಗನೇಟ್ ಬಿ2ವನ್ನು ಬಿಟ್ಟು ಅಡ್ಡ ಬರುವ ಎಷ್ಟೋ ಪದಾರ್ಥಗಳನ್ನು ಸುಟ್ಟುಹಾಕುತ್ತದೆ. 440ರ ಬೆಳಕಿನಲ್ಲಿ, 525ರ ಹತ್ತಿರ ರೀಡಿಂಗ್ ತೆಗೆದುಕೊಳ್ಳಿ.

ಆಮೇಲೆ ನೀರು ಹಾಕಿದ ಟ್ಯೂಬಿಗೆ ಸುಮಾರು 20 ಮಿಲಿಗ್ರಾಂ ಸೋಡಿಯಂ ಡೈಥಯೋನೈಟ್ ಹಾಕಿ ಕಲಕಿ. ಬಿ2 ಹೊಳಪು ಕಣ್ಣೆದುರೇ ಆರುತ್ತದೆ. ಉಳಿದದ್ದು ಸೊಪ್ಪಿನ ಬೇರೆ ಹೊಳಪು. ಅದೇ ಇಲ್ಲಿನ ಬ್ಲಾಂಕ್. ತಡ ಮಾಡದೆ ರೀಡಿಂಗ್ ತೆಗೆದುಕೊಳ್ಳಿ. ಗಾಳಿ ಸೇರಿದರೆ ಹೊಳಪು ಮರಳಿ ಬರುತ್ತದೆ, ಹೊತ್ತಾದರೆ ದ್ರಾವಣ ಮಸುಕಾಗುತ್ತದೆ. ನೀರಿನ ಟ್ಯೂಬಿನ ರೀಡಿಂಗಿನಿಂದ ಬ್ಲಾಂಕ್ ಕಳೆದು, ಅದನ್ನು ಎರಡು ಟ್ಯೂಬುಗಳ ನಡುವಿನ ವ್ಯತ್ಯಾಸದಿಂದ ಭಾಗಿಸಿ. ಬಂದದ್ದು 10 ಎಂಎಲ್ ರಸದಲ್ಲಿರುವ ಬಿ2, ಮೈಕ್ರೋಗ್ರಾಂನಲ್ಲಿ. ಅದನ್ನು 10ರಿಂದ ಗುಣಿಸಿದರೆ ಆ 5 ಗ್ರಾಂ ಸೊಪ್ಪಿನ ಬಿ2.

ಬಿ1 ಬಗ್ಗೆ ಒಂದೇ ಮಾತು. ಅದನ್ನು ಕ್ಷಾರದಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್‌ನಿಂದ ಥಯೋಕ್ರೋಮ್ ಮಾಡಿ, ಐಸೋಬ್ಯೂಟನಾಲಿಗೆ ಎಳೆದು, 365ರ ಬೆಳಕಿನಲ್ಲಿ ನೀಲಿ ಹೊಳಪು ಅಳೆಯುತ್ತಾರೆ. ಹಣ್ಣಿಗಿಂತ ಕಾಳುಕಡಿಗೆ ಆ ವಿಧಾನ ಜಾಸ್ತಿ ಉಪಯೋಗ.

ಕೆಲಸ ಮುಗಿದ ಮೇಲೆ ಓಪಿಡಿಎ ಹಾಕಿದ ದ್ರಾವಣಗಳನ್ನು ಸಿಂಕಿಗೆ ಸುರಿಯಬೇಡಿ. ಹೆಸರು ಬರೆದ ಬೇರೆ ಕ್ಯಾನಿನಲ್ಲಿ ಕೂಡಿಡಿ. ಟ್ಯೂಬುಗಳನ್ನು ಲ್ಯಾಬಿನ ಸೋಪಿನಲ್ಲಿ ತೊಳೆದು, ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಿಸಿ. ಒಣಗಿದ ಮೇಲೆ ಲೈಟ್ ಆರಿಸಿ ಒಂದೊಂದನ್ನೂ ಯುವಿ ದೀಪದ ಕೆಳಗೆ ತಿರುಗಿಸಿ ನೋಡಿ. ನಮ್ಮ ಕಾಕಾ ನಿವೃತ್ತರಾಗುವ ದಿನದವರೆಗೂ ಈ ಕೆಲಸ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಹೊಳೆದ ಟ್ಯೂಬನ್ನು ಪಕ್ಕಕ್ಕಿಟ್ಟು ಮತ್ತೆ ತೊಳೆಯುತ್ತಿದ್ದರು. ಹೊಳೆಯದ್ದನ್ನು ಮಾತ್ರ ಸ್ಟ್ಯಾಂಡಿಗೆ ಬೋರಲು ಹಾಕುತ್ತಿದ್ದರು.